ಕಾರ್ಖಾನೆಯೇ ಪಾಠಶಾಲೆಯಾದಾಗ

ಸನ್ನೆಕೋಲಿನ ತತ್ತ್ವವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆಧಾರಬಿಂದುವಿನ ಎರಡು ಕಡೆಗಳಲ್ಲಿಯೂ ಬಲವನ್ನು ದೂರದಿಂದ ಗುಣಿಸಿದಾಗ ಬರುವ ಗುಣಲಬ್ಧಗಳು ಸಮನಾಗಿದ್ದರೆ ಕೋಲು ಯಾವ ಕಡೆಗೂ ವಾಲದೆ ನಿಲ್ಲುತ್ತದೆ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ಉತ್ತರಿಸುವುದು ಕಷ್ಟವಲ್ಲ. ಆದರೆ ಅದೇ ವಿದ್ಯಾರ್ಥಿಯ ಕೈಗೆ ಅರವೊಂದನ್ನು ಕೊಟ್ಟು, ವೈಸಿನಲ್ಲಿ ಬಿಗಿದ ಕಬ್ಬಿಣದ ತುಂಡನ್ನು ಸಮತಟ್ಟಾಗಿ ಉಜ್ಜಲು ಹೇಳಿದರೆ ಏನಾಗುತ್ತದೆ? ಅರ್ಧ ಗಂಟೆಯ ಬಳಿಕ ನೋಡಿದರೆ ಅದರ ಮೈ ನಡುವೆ ಉಬ್ಬಿ, ಎರಡು ಅಂಚುಗಳಲ್ಲಿಯೂ ಸವೆದುಹೋಗಿರುತ್ತದೆ.

ಇದಕ್ಕೆ ಕಾರಣವೇನು? ಅರವೂ ಒಂದು ಸನ್ನೆಕೋಲು. ಕಬ್ಬಿಣದ ತುಂಡೇ ಅದರ ಆಧಾರ. ಬಲಗೈ ಅರದ ಹಿಡಿಯಲ್ಲಿಯೂ ಎಡಗೈ ಅದರ ತುದಿಯಲ್ಲಿಯೂ ಇರುತ್ತವೆ. ಅರವನ್ನು ಮುಂದಕ್ಕೆ ನೂಕಿದಂತೆಲ್ಲ ಆಧಾರದಿಂದ ಎಡಗೈಯ ದೂರ ಹೆಚ್ಚುತ್ತದೆ, ಬಲಗೈಯ ದೂರ ಕಡಮೆಯಾಗುತ್ತದೆ. ಎರಡು ಕೈಗಳೂ ಒಂದೇ ಸಮನಾಗಿ ಅದುಮಿದರೆ ಮೊದಲಿಗೆ ಹಿಡಿಯ ಕಡೆಗೂ ಕೊನೆಗೆ ತುದಿಯ ಕಡೆಗೂ ಅರವು ವಾಲಿ ಅಂಚುಗಳನ್ನು ತಿಂದುಹಾಕುತ್ತದೆ. ಆದುದರಿಂದ ಆರಂಭದಲ್ಲಿ ಎಡಗೈಯ ಒತ್ತಡ ಹೆಚ್ಚಾಗಿದ್ದು, ನಡುವೆ ಎರಡೂ ಸಮನಾಗಿ, ಕೊನೆಯಲ್ಲಿ ಬಲಗೈಯ ಒತ್ತಡ ಹೆಚ್ಚಬೇಕು. ಕ್ಷಣಕ್ಷಣಕ್ಕೂ ಬದಲಾಗುವ ಈ ಲೆಕ್ಕವನ್ನು ಬುದ್ಧಿಯು ಮಾಡಿ ಮುಗಿಸುವಷ್ಟರಲ್ಲಿ ಅರವು ಮುಂದೆ ಹೋಗಿರುತ್ತದೆ. ಲೆಕ್ಕವನ್ನು ಕೈಯೇ ಕಲಿಯಬೇಕು. ಅದಕ್ಕೆ ನಿಜವಾದ ಕೆಲಸ ಬೇಕು, ಸಾಕಷ್ಟು ಕಾಲ ಬೇಕು, ತಪ್ಪನ್ನು ಒಡನೆಯೇ ಕಂಡು ತಿದ್ದುವ ಬಲ್ಲವನೊಬ್ಬನು ಬಳಿಯಲ್ಲಿರಬೇಕು. ಈ ಮೂರನ್ನೂ ಒಂದೆಡೆ ಕೂಡಿಸುವ ಏರ್ಪಾಡೇ ಅಪ್ರೆಂಟಿಸ್ ಪದ್ಧತಿ.

ಈ ಪದ್ಧತಿ ಬಹು ಹಳೆಯದು. ನಮ್ಮ ಕಮ್ಮಾರರ ಕುಲುಮೆಗಳಲ್ಲಿಯೂ ಅಕ್ಕಸಾಲಿಗರ ಅಂಗಡಿಗಳಲ್ಲಿಯೂ ಮಕ್ಕಳು ಹಿರಿಯರ ಪಕ್ಕದಲ್ಲಿ ಕುಳಿತೇ ಕಸುಬನ್ನು ಕಲಿತರು. ಆದರೆ ಅಲ್ಲಿ ವಿದ್ಯೆಯು ಬಹುಮಟ್ಟಿಗೆ ಮನೆತನದೊಳಗೇ ಉಳಿಯಿತು. ಲಿಖಿತ ಒಪ್ಪಂದದ ಮೂಲಕ ಬೇರೆಯವರ ಮಕ್ಕಳಿಗೂ ಕಸುಬನ್ನು ಕಲಿಸುವ ಕ್ರಮವು ಯೂರೋಪಿನಲ್ಲಿ ಬೇರೂರಿತು. ಇಂಗ್ಲೆಂಡಿನ 1563ರ ಶಾಸನವೊಂದು ಕಸುಬುದಾರನಾಗಲು ಏಳು ವರ್ಷಗಳ ಕಲಿಕೆಯನ್ನು ಕಡ್ಡಾಯಗೊಳಿಸಿತ್ತು. ಕಮ್ಮಾರನೊಬ್ಬನ ಮಗನಾದ ಮೈಕೇಲ್ ಫ್ಯಾರಡೆಯು 1805ರಲ್ಲಿ ಲಂಡನ್ನಿನ ಪುಸ್ತಕದ ವ್ಯಾಪಾರಿಯೊಬ್ಬನ ಬಳಿ ಸೇರಿ ಏಳು ವರ್ಷ ರಟ್ಟು ಕಟ್ಟುವುದನ್ನು ಕಲಿತನು. ಕಟ್ಟಲು ಬಂದ ಪುಸ್ತಕಗಳನ್ನು ಓದಿ ವಿದ್ಯುತ್ತಿನ ವಿಷಯವನ್ನು ತಿಳಿದುಕೊಂಡನು. ಹಂಫ್ರಿ ಡೇವಿಯ ಉಪನ್ಯಾಸಗಳ ಟಿಪ್ಪಣಿಗಳನ್ನು ತಾನೇ ಅಂದವಾಗಿ ರಟ್ಟು ಕಟ್ಟಿ ಅವನಿಗೆ ಕಳುಹಿಸಿದನು. 1813ರಲ್ಲಿ ಡೇವಿಯ ಪ್ರಯೋಗಶಾಲೆಯಲ್ಲಿ ಸಹಾಯಕನ ಕೆಲಸ ದೊರೆಯಿತು. 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯು ಲೋಕಕ್ಕೆ ತಿಳಿಯಿತು. ಕಸುಬಿನಲ್ಲಿ ಪಳಗಿದ ಆ ಕೈಗಳೇ ಮುಂದೆ ಪ್ರಯೋಗದ ಸಲಕರಣೆಗಳನ್ನೂ ಜೋಡಿಸಿದವು.

ಒಬ್ಬನ ಕೌಶಲವು ಹಲವರಿಗೆ ಹರಡುವ ಬಗೆಗೆ ಹೆನ್ರಿ ಮಾಡ್ಸ್ಲೆಯ ಲಂಡನ್ ಕಾರ್ಖಾನೆಯು ಉತ್ತಮ ನಿದರ್ಶನ. ಹನ್ನೆರಡನೆಯ ವಯಸ್ಸಿನಲ್ಲಿಯೇ ಕೆಲಸಕ್ಕೆ ಸೇರಿದ ಮಾಡ್ಸ್ಲೆಯು ನಿಖರವಾದ ಲೇತುಗಳನ್ನೂ ಸ್ಕ್ರೂಗಳನ್ನೂ ನಿರ್ಮಿಸಿ ಹೆಸರಾದನು. ಅವನ ಕಾರ್ಖಾನೆಯಲ್ಲಿ ದುಡಿದು ಪಳಗಿದವರಲ್ಲಿ ಜೋಸೆಫ್ ವಿಟ್‌ವರ್ತ್ ಒಬ್ಬನು. ನಿಜವಾಗಿಯೂ ಸಮತಟ್ಟಾದ ಲೋಹದ ಫಲಕವನ್ನು ಪಡೆಯುವುದು ಹೇಗೆಂಬುದನ್ನು ವಿಟ್‌ವರ್ತ್ 1840ರಲ್ಲಿ ವಿದ್ವಾಂಸರ ಸಭೆಯೊಂದರಲ್ಲಿ ವಿವರಿಸಿದನು. ಎರಡು ಫಲಕಗಳು ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡ ಮಾತ್ರಕ್ಕೆ ಅವು ಸಮತಟ್ಟೆಂದು ಹೇಳಲಾಗದು. ಒಂದು ತಗ್ಗಾಗಿದ್ದು ಮತ್ತೊಂದು ಉಬ್ಬಿರಬಹುದು. ಮೂರನೆಯದೊಂದನ್ನು ತಂದು ತಗ್ಗಾದ ಫಲಕಕ್ಕೆ ಹೊಂದಿಸಿದರೆ ಅದೂ ಉಬ್ಬುತ್ತದೆ. ಈಗ ಉಬ್ಬಿದ ಎರಡನ್ನೂ ಎದುರುಬದುರಾಗಿ ಇಟ್ಟರೆ ನಡುವೆ ಮಾತ್ರ ತಗುಲಿ, ಗುಟ್ಟು ಬಯಲಾಗುತ್ತದೆ! ಉಬ್ಬನ್ನು ಹೆರೆದು ಮತ್ತೆ ಮತ್ತೆ ಹೊಂದಿಸುತ್ತ ಹೋದರೆ, ಮೂರರಲ್ಲಿ ಯಾವ ಎರಡನ್ನು ಕೂಡಿಸಿದರೂ ಪೂರ್ಣವಾಗಿ ಹೊಂದುವ ಸ್ಥಿತಿ ಬರುತ್ತದೆ. ಆಗ ಮೂರೂ ಸಮತಟ್ಟೇ. ತರ್ಕವನ್ನು ಐದು ನಿಮಿಷಗಳಲ್ಲಿ ತಿಳಿಯಬಹುದು. ಹೆರೆಯುವ ಕೈ ಸಿದ್ಧವಾಗಲು ತಿಂಗಳುಗಳೇ ಬೇಕು.

ಇನ್ನು ಉದ್ಯೋಗದ ಮಾತು. ಅನುಭವವಿಲ್ಲದವನಿಗೆ ಕೆಲಸವಿಲ್ಲ; ಕೆಲಸ ದೊರೆಯದವನಿಗೆ ಅನುಭವವಿಲ್ಲ. ಅಂಕಪಟ್ಟಿಯನ್ನು ಹಿಡಿದು ಬಾಗಿಲಲ್ಲಿ ನಿಂತ ತರುಣನು ಏನನ್ನು ಓದಿದ್ದಾನೆಂಬುದು ಕಾರ್ಖಾನೆಯವರಿಗೆ ತಿಳಿಯುತ್ತದೆ, ಏನನ್ನು ಮಾಡಬಲ್ಲನೆಂಬುದು ತಿಳಿಯುವುದಿಲ್ಲ. ಈ ವಿಷಚಕ್ರವನ್ನು ಕಡಿಯುವುದರಲ್ಲಿಯೇ ಅಪ್ರೆಂಟಿಸ್ ಪದ್ಧತಿಯ ಹಿರಿಮೆ ಇದೆ. ಜರ್ಮನಿಯಲ್ಲಿ ಮುನ್ನೂರಕ್ಕೂ ಹೆಚ್ಚು ಉದ್ಯೋಗಗಳಿಗೆ ಇಂತಹ ತರಬೇತಿಯುಂಟು. ತರುಣರು ಸಾಮಾನ್ಯವಾಗಿ ವಾರಕ್ಕೆ ಒಂದೆರಡು ದಿನ ವೃತ್ತಿಶಾಲೆಯಲ್ಲಿ ಓದುತ್ತಾರೆ, ಉಳಿದ ದಿನ ಕಾರ್ಖಾನೆಯಲ್ಲಿ ಭತ್ಯೆ ಪಡೆದು ಕಲಿಯುತ್ತಾರೆ. 1969ರ ಕಾನೂನು ಇದಕ್ಕೆ ದೇಶಾದ್ಯಂತ ಒಂದೇ ಚೌಕಟ್ಟನ್ನು ಕೊಟ್ಟಿತು. ಕೊನೆಯ ಪರೀಕ್ಷೆಯನ್ನು ನಡೆಸುವುದು ತರಬೇತಿ ಕೊಟ್ಟ ಕಾರ್ಖಾನೆಯಲ್ಲ, ವಾಣಿಜ್ಯ ಮತ್ತು ಕೈಗಾರಿಕಾ ಮಂಡಲಿಗಳಂತಹ ಸಂಸ್ಥೆಗಳು. ಆದುದರಿಂದ ಒಂದೂರಿನಲ್ಲಿ ಪಡೆದ ಪ್ರಮಾಣಪತ್ರಕ್ಕೆ ಮತ್ತೊಂದೂರಿನಲ್ಲಿಯೂ ಬೆಲೆಯುಂಟು. ಅಲ್ಲಿನ ಯುವಜನರ ನಿರುದ್ಯೋಗವು ಬಹುಕಾಲದಿಂದ ಯೂರೋಪ್ ಒಕ್ಕೂಟದ ಸರಾಸರಿಗಿಂತ ಬಹಳ ಕಡಮೆಯಾಗಿರುವುದಕ್ಕೆ ಈ ಪದ್ಧತಿಯೂ ಒಂದು ಕಾರಣವೆಂದು ಅರ್ಥಶಾಸ್ತ್ರಜ್ಞರು ಎಣಿಸುತ್ತಾರೆ.

ನಮ್ಮ ದೇಶವೂ ಈ ದಾರಿಯನ್ನು ಬೇಗನೆ ಗುರುತಿಸಿತು. 1953ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಕಾರ್ಖಾನೆಯು ಸ್ವಿಟ್ಸರ್ಲೆಂಡಿನ ಸಂಸ್ಥೆಯೊಂದರ ಸಹಕಾರದಿಂದ ಆರಂಭವಾಯಿತು. ಯಂತ್ರವನ್ನೂ ನಕ್ಷೆಯನ್ನೂ ಹಡಗಿನಲ್ಲಿ ತರಿಸಬಹುದು. ನುರಿತ ಕೈಗಳನ್ನು ಮಾತ್ರ ಇಲ್ಲಿಯೇ ಬೆಳೆಸಬೇಕು. ಪಾರ್ಲಿಮೆಂಟು 1961ರಲ್ಲಿ ಅಪ್ರೆಂಟಿಸ್ ಕಾಯಿದೆಯನ್ನು ಅಂಗೀಕರಿಸಿತು. ಎಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ 1973ರ ತಿದ್ದುಪಡಿಯಿಂದ ಅದರ ವ್ಯಾಪ್ತಿಗೆ ಬಂದರು. 2019ರ ತಿದ್ದುಪಡಿಯ ಪ್ರಕಾರ ಮೂವತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇಕಡ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಅವರ ವಿದ್ಯಾರ್ಹತೆಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿಗಳ ಕನಿಷ್ಠ ಭತ್ಯೆಯನ್ನೂ ಅದು ಗೊತ್ತುಪಡಿಸಿತು.

ಕಾನೂನು ಇದ್ದ ಮಾತ್ರಕ್ಕೆ ವಿದ್ಯೆ ಬರುವುದೆ? ಕಲಿಯಲು ಬಂದವನನ್ನು ಕಸ ಗುಡಿಸಲು, ಚಹ ತರಲು, ಇಲ್ಲವೆ ವರ್ಷವಿಡೀ ಒಂದೇ ಗುಂಡಿಯನ್ನು ಒತ್ತಲು ಹಚ್ಚಿದರೆ ಅದು ಅಗ್ಗದ ಕೂಲಿಯಾಗುತ್ತದೆಯೇ ಹೊರತು ಶಿಕ್ಷಣವಾಗುವುದಿಲ್ಲ. ಅಪ್ರೆಂಟಿಸನು ಕೆಲಸಗಾರನಲ್ಲ, ಕಲಿಯುವವನು ಎಂದು ಕಾಯಿದೆಯೇ ಸಾರುತ್ತದೆ. ತರಬೇತಿ ಮುಗಿದೊಡನೆ ಅದೇ ಸಂಸ್ಥೆಯು ಉದ್ಯೋಗವನ್ನು ಕೊಡಲೇಬೇಕೆಂಬ ಸಾಮಾನ್ಯ ಕಟ್ಟುಪಾಡೂ ಇಲ್ಲ. ಹೀಗಿರುವಾಗ ತರುಣನ ಕೈಯಲ್ಲಿ ಉಳಿಯುವ ಆಸ್ತಿಯೆಂದರೆ ಅವನು ಕಲಿತ ಕೆಲಸವೊಂದೇ.

ಆದುದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ವಿದ್ಯಾರ್ಥಿಗಳು ಕೆಲವು ಪ್ರಶ್ನೆಗಳನ್ನು ಕೇಳಬೇಕು. ಒಪ್ಪಂದವು ಕಾಯಿದೆಯಂತೆ ನೋಂದಣಿಯಾಗುವುದೆ? ಯಾವ ಯಾವ ಯಂತ್ರಗಳ ಮೇಲೆ, ಎಷ್ಟೆಷ್ಟು ಕಾಲ ಕೆಲಸ? ಕಲಿಸುವವರು ಯಾರು? ಪರೀಕ್ಷಿಸಿ ಪ್ರಮಾಣಪತ್ರ ಕೊಡುವವರು ಯಾರು? ಇವಕ್ಕೆ ಸರಿಯಾದ ಉತ್ತರ ದೊರೆತಲ್ಲಿ ಕೈಗೆ ಮಸಿ ಹತ್ತುವುದೆಂದು ಹಿಂಜರಿಯಬಾರದು. ಹೆತ್ತವರೂ ಅದನ್ನು ಕೀಳೆಂದು ಎಣಿಸಬಾರದು. ಸನ್ನೆಕೋಲಿನ ಸೂತ್ರವನ್ನು ಬರೆಯಬಲ್ಲ ಕೈ ಅರವನ್ನೂ ಸಮತಟ್ಟಾಗಿ ನಡೆಸಬಲ್ಲುದಾದರೆ, ಅಂತಹ ಕೈಗೆ ಕೆಲಸ ಹುಡುಕುವುದು ಬಹಳಷ್ಟು ಸುಲಭವಾಗುತ್ತದೆ.