ಎರಡು ಸಲ ಬಂದ ಮಾರ್ಚ್ 31

ಪುಣೆಯಲ್ಲಿ ತೆರಿಗೆ ಲೆಕ್ಕಪತ್ರದ ಸಣ್ಣ ಕಚೇರಿ ನಡೆಸುವ ನಮ್ಮಂಥವರಿಗೆ ಯುಗಾದಿಗಿಂತ ಏಪ್ರಿಲ್ 1 ದೊಡ್ಡ ಹಬ್ಬ. ಹಿಂದಿನ ರಾತ್ರಿ ಹಳೆಯ ವರ್ಷದ ಪುಸ್ತಕ ಮುಚ್ಚಬೇಕು, ಬೆಳಗ್ಗೆ ಬಿಲ್ಲುಗಳಿಗೆ ಹೊಸ ಸಂಖ್ಯೆ ಒಂದರಿಂದ ಶುರುವಾಗಬೇಕು. ಆ ಎರಡು ದಿನಗಳ ನಡುವಿನ ಗೆರೆ ದಾಟಿ ಒಂದು ಬಿಲ್ಲು ಆಚೆ ಹೋದರೂ ತಲೆನೋವು.

ಎರಡು ವರ್ಷದ ಹಿಂದೆ ಒಂದಲ್ಲ, ಮೂರು ಹೋದವು.

ಭೋಸರಿಯಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಬ್ಬರ ಬಿಲ್ಲುಗಳನ್ನು ನಮ್ಮ ಕಚೇರಿಯಲ್ಲೇ ಮಾಡುತ್ತೇವೆ. ಏಪ್ರಿಲ್ ಎರಡನೇ ವಾರ ಅವರ ಗ್ರಾಹಕರ ಕಡೆಯಿಂದ ಫೋನ್ ಬಂತು. ಹೊಸ ವರ್ಷದ ಸಂಖ್ಯೆ 1, 2, 3 ಇರುವ ಬಿಲ್ಲುಗಳ ಮೇಲೆ ತಾರೀಕು ಮಾರ್ಚ್ 31. ನಾಲ್ಕನೆಯದರಲ್ಲಿ ಮಾತ್ರ ಸರಿಯಾಗಿ ಏಪ್ರಿಲ್ 1. ಮಾರ್ಚ್ ತಿಂಗಳ ಜಿಎಸ್‌ಟಿಆರ್-1 ಸಲ್ಲಿಸಲು 11ನೇ ತಾರೀಕು ಕೊನೆ. ಪುಣ್ಯಕ್ಕೆ ಅದು ಇನ್ನೂ ಹೋಗಿರಲಿಲ್ಲ.

ಬಿಲ್ಲು ಮಾಡಿದವಳು ನಮ್ಮ ಸಹಾಯಕಿ. ಅಕ್ಕಲಕೋಟೆ ಕಡೆಯ ಹುಡುಗಿ, ಮನೆಮಾತು ಕನ್ನಡ. ಬಿ.ಕಾಂ. ಮುಗಿಸಿ ಬಂದು ಏಳು ತಿಂಗಳಾಗಿತ್ತು. ತರಬೇತಿಗೆ ಬರುವ ಇಬ್ಬರು ಹುಡುಗರ ಎದುರಿಗೇ ಅವಳನ್ನು ಬೈದೆ. ಬೈಯುವಾಗ ಮರಾಠಿಯಲ್ಲೇ ಬೈದೆ, ಯಾಕೋ. 'ನಾ ತಾರೀಖ್ ಹೊಡದಿಲ್ರೀ ಸರ್, ಅದು ತಾನs ಬರತೈತಿ' ಎಂದಳು. ಅಷ್ಟೇ. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ.

ಅವಳು ಹೇಳಿದ್ದು ಅಕ್ಷರಶಃ ನಿಜ. ಬಿಲ್ಲಿನ ನಮೂನೆಯನ್ನು ಎಕ್ಸೆಲ್‌ನಲ್ಲಿ ಮಾಡಿಟ್ಟವನು ನಾನು. ತಾರೀಕಿನ ಜಾಗದಲ್ಲಿ 'ಟುಡೇ' ಸೂತ್ರ ಹಾಕಿದವನೂ ನಾನೇ. ಕಂಪ್ಯೂಟರಿನ ಗಡಿಯಾರ ಯಾವ ದಿನ ಎನ್ನುತ್ತದೋ ಅದು ಬಿಲ್ಲಿನಲ್ಲಿ ಮೂಡುತ್ತದೆ. ಆದರೆ ಗಡಿಯಾರ ಸುಳ್ಳು ಹೇಳಬಹುದು ಎಂದು ನನಗೆ ಹೊಳೆದಿದ್ದು ಆ ಶುಕ್ರವಾರ. ಅವಳಿಲ್ಲದ್ದರಿಂದ ಒಂಬತ್ತೂವರೆಗೆ ನಾನೇ ಬಂದು ಯಂತ್ರ ಚಾಲು ಮಾಡಿದೆ. ಪರದೆಯ ಮೂಲೆಯಲ್ಲಿ ಗುರುವಾರ ರಾತ್ರಿ 8.10.

ನಾನು ದಿನಾ ಬರುವುದು ಹನ್ನೊಂದೂವರೆಯ ಮೇಲೆ. ನಾನು ನೋಡುವ ಹೊತ್ತಿಗೆ ಇಂಟರ್‌ನೆಟ್ಟಿನಿಂದ ಸಮಯ ಪಡೆದು ಗಡಿಯಾರ ಹೆಚ್ಚಾಗಿ ಸರಿಯಾಗಿರುತ್ತಿತ್ತು. ಆ ಮೂರು ಬಿಲ್ಲುಗಳ ಫೈಲು ತೆಗೆದು, ಯಾವಾಗ ಉಳಿಸಿದ್ದು ಎಂದು ನೋಡಿದೆ: ಮಾರ್ಚ್ 31, ರಾತ್ರಿ 11.20, 11.34, 11.47. ಆ ರಾತ್ರಿ ಅವಳು ಎಂಟಕ್ಕೇ ಹೋಗಿದ್ದಳು. 11.05ಕ್ಕೆ ಕಂಪ್ಯೂಟರ್ ಆರಿಸಿ, ಮೇನ್ ಸ್ವಿಚ್ ಇಳಿಸಿ, ಬೀಗ ಹಾಕಿದವನು ನಾನು. 11.20ಕ್ಕೆ ಅಲ್ಲಿ ಜಿರಳೆ ಬಿಟ್ಟರೆ ಯಾರೂ ಇರಲಿಲ್ಲ.

ನಡೆದಿದ್ದು ಇಷ್ಟು. ಏಪ್ರಿಲ್ 1ರ ಬೆಳಗ್ಗೆ ಒಂಬತ್ತೂವರೆಗೆ ಅವಳು ಬಟನ್ ಒತ್ತಿದಾಗ ಯಂತ್ರ ಹಿಂದಿನ ರಾತ್ರಿ ನಿಂತಲ್ಲಿಂದ ಮುಂದೆ ಎಣಿಸತೊಡಗಿದೆ. ಅದರ ಲೆಕ್ಕದಲ್ಲಿ ನಡುರಾತ್ರಿ ಆಗಲು ಇನ್ನೂ 55 ನಿಮಿಷವಿತ್ತು. ಅಷ್ಟರಲ್ಲಿ ಮೂರು ಬಿಲ್ಲು ಆದವು.

ನಮ್ಮದು ಊಟದ ಡಬ್ಬಿಯಷ್ಟು ದೊಡ್ಡ ಡೆಸ್ಕ್‌ಟಾಪ್. ಅಂಥ ಯಂತ್ರದ ಹೊಟ್ಟೆಯಲ್ಲೂ ಒಂದು ಬಿಲ್ಲೆ ಬ್ಯಾಟರಿ ಇರುತ್ತದೆ. ಹೆಸರು ಸಿಆರ್2032. ಹೆಸರಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಲೀಥಿಯಂ, 3 ವೋಲ್ಟ್. ಕರೆಂಟ್ ಇಲ್ಲದಾಗ ಒಳಗಿನ ಗಡಿಯಾರ ಓಡಿಸುವುದೇ ಇದರ ಕೆಲಸ. ಆ ಗಡಿಯಾರದ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಬರುತ್ತದೆ, ಅದೇ ಒಂದು ಸೆಕೆಂಡು. ಕೈಗಡಿಯಾರದಲ್ಲೂ ಇದೇ ಹರಳು. 1984ರ ಐಬಿಎಂ ಪಿಸಿ ಎಟಿಯಿಂದ ಈ ಬ್ಯಾಟರಿ-ಗಡಿಯಾರದ ಏರ್ಪಾಡು ಡೆಸ್ಕ್‌ಟಾಪುಗಳಲ್ಲಿ ನೆಲೆಯಾಗಿದೆ.

ಪ್ಲಗ್ ಹಾಕಿ ಸ್ವಿಚ್ ಚಾಲೂ ಇದ್ದಷ್ಟು ಕಾಲ, ಕಂಪ್ಯೂಟರ್ ಆರಿಸಿದ್ದರೂ, ಗಡಿಯಾರಕ್ಕೆ ಗೋಡೆಯ ಕರೆಂಟೇ ಸಾಕು. ಬ್ಯಾಟರಿ ಸತ್ತಿದ್ದರೂ ಗೊತ್ತಾಗುವುದಿಲ್ಲ. ನಮ್ಮದು ಎಂದೋ ಸೊರಗಿತ್ತು. ಆ ಜನವರಿಯಲ್ಲಿ, ಶಾರ್ಟ್ ಸರ್ಕ್ಯೂಟ್ ಭಯಕ್ಕೆ, ರಾತ್ರಿ ಮೇನ್ ಸ್ವಿಚ್ ಇಳಿಸಿಯೇ ಹೋಗಬೇಕೆಂದು ನಾನು ನಿಯಮ ತಂದೆ. ಅಲ್ಲಿಂದ ಗಡಿಯಾರ ರಾತ್ರಿಯಿಡೀ ಆ ಬಿಲ್ಲೆಯ ಪಾಲಿಗೆ ಬಿತ್ತು. ಅದಕ್ಕೆ ನೆನಪಿಟ್ಟುಕೊಳ್ಳುವಷ್ಟು ಜೀವವಿತ್ತು, ಎಣಿಸುವಷ್ಟು ಇರಲಿಲ್ಲ. ಇನ್ನೂ ಸೊರಗಿದ್ದರೆ ತಾರೀಕು ಹತ್ತಾರು ವರ್ಷ ಹಿಂದೆ ಹಾರಿ, ಬ್ಯಾಂಕಿನ ಜಾಲತಾಣಗಳು ತೆರೆಯದೆ, ಮೊದಲ ದಿನವೇ ಸಿಕ್ಕಿಬೀಳುತ್ತಿದ್ದೆವು. ಅರೆಜೀವದ ಬ್ಯಾಟರಿ ಸತ್ತದ್ದಕ್ಕಿಂತ ಕೆಟ್ಟದ್ದು.

ಹತ್ತಿರದ ದುರಸ್ತಿ ಅಂಗಡಿಯವನು ಮದರ್‌ಬೋರ್ಡ್ ಹೋಗಿದೆ, ಹೊಸದೇ ತಗೊಳ್ಳಿ ಎಂದ. ಮುಚ್ಚಳ ಕೂಡ ತೆಗೆದಿರಲಿಲ್ಲ. ವಾಪಸ್ ತಂದು ನಾನೇ ಬಿಚ್ಚಿದೆ. ಮೊದಲು ಸೆಟಪ್ ಪುಟಗಳನ್ನೆಲ್ಲ ಮೊಬೈಲಿನಲ್ಲಿ ಫೋಟೊ ಹಿಡಿದಿಟ್ಟುಕೊಂಡೆ, ಬ್ಯಾಟರಿ ತೆಗೆದರೆ ಕೆಲವು ಆಯ್ಕೆಗಳು ಮೂಲಸ್ಥಿತಿಗೆ ಹೋಗಬಹುದು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಅದರ ರಿಕವರಿ ಕೀಯನ್ನೂ ಮೊದಲೇ ಬರೆದಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಯಂತ್ರ ಅದನ್ನು ಕೇಳಿದರೆ ಬೆವರುವುದು ತಪ್ಪುತ್ತದೆ.

ಅಡಾಪ್ಟರ್ ಕಿತ್ತು, ಉಳಿದ ಕರೆಂಟ್ ಇಳಿಯಲೆಂದು ಪವರ್ ಬಟನ್ ಕೆಲ ಸೆಕೆಂಡ್ ಒತ್ತಿ ಹಿಡಿದೆ. ಹಿಂದಿನ ಒಂದು ಸ್ಕ್ರೂ ತೆಗೆದರೆ ಮುಚ್ಚಳ ಜಾರಿತು. ಒಳಗೆ ಮುಟ್ಟುವ ಮೊದಲು ಲೋಹದ ಚೌಕಟ್ಟು ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ ಇಳಿಸಿಕೊಂಡೆ. ದೊಡ್ಡ ಡೆಸ್ಕ್‌ಟಾಪಿನಲ್ಲಾದರೆ ಬ್ಯಾಟರಿ ಕಣ್ಣೆದುರೇ ಗೂಡಿನಲ್ಲಿ ಕೂತಿರುತ್ತದೆ, ಪಕ್ಕದ ಕೊಕ್ಕೆ ಸರಿಸಿದರೆ ಪುಟಿಯುತ್ತದೆ. ಇದರಲ್ಲಿ ಕಾಣಲೇ ಇಲ್ಲ. ಡಿಸ್ಕಿನ ತಟ್ಟೆ ಎತ್ತಿದ ಮೇಲೆ ಅಡಿಯಲ್ಲಿ, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಟಿಸಿಟ್ಟಿದ್ದರು. ಅದರಿಂದ ಕೆಂಪು, ಕಪ್ಪು ಎರಡು ವೈರು, ತುದಿಯಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡ ಪ್ಲಗ್ಗು. ವೈರು ಎಳೆಯದೆ ಪ್ಲಗ್ಗನ್ನೇ ಉಗುರಿನಲ್ಲಿ ಹಿಡಿದು ಬಿಡಿಸಲು ಹತ್ತು ನಿಮಿಷ ಬೇಕಾಯಿತು. ಚಾಳೀಸು ಬಂದ ಕಣ್ಣಿಗೆ ಇದು ಆಗಿಬರುವ ಕೆಲಸವಲ್ಲ.

ಬುಧವಾರ ಪೇಟೆಯ ಪಾಸೋಡ್ಯಾ ವಿಠೋಬಾ ಗಲ್ಲಿಗೆ ಹಳೆಯದನ್ನು ಕಿಸೆಯಲ್ಲಿಟ್ಟುಕೊಂಡು ಹೋದೆ. ಪುಣೆಯಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗಕ್ಕೆ ಅದೇ ಜಾಗ. ಮೂರನೇ ಅಂಗಡಿಯ ಅಜ್ಜ ಹಳೆಯದಕ್ಕೆ ಮೀಟರ್ ಹಿಡಿದು ತೋರಿಸಿದರು: 1.9 ವೋಲ್ಟ್. ಹೊಸದರದ್ದು 3.2. ಬರಿ ಬಿಲ್ಲೆ ಕೊಂಡು ನಾನೇ ವೈರು ಬೆಸುಗೆ ಹಾಕಿಕೊಳ್ಳಲೇ ಎಂದೆ. ಅಜ್ಜ ಗದರಿದರು. ಲೀಥಿಯಂ ಬಿಲ್ಲೆಗೆ ನೇರ ಬೆಸುಗೆಯ ಕಾವು ಕೊಟ್ಟರೆ ಸಿಡಿಯಬಹುದು. ವೈರು ಕೂಡಿಸಿದ್ದೇ ತೆಗೆದುಕೊಳ್ಳಬೇಕು. ಇನ್ನೊಂದು ಮಾತನ್ನೂ ಹೇಳಿದರು: ಪ್ಲಗ್ಗು ಒಂದೇ ಅಳತೆಯದಾದರೂ ಕೆಂಪು-ಕಪ್ಪು ಅದಲುಬದಲಾಗಿರುವ ಮಾಲು ಬರುತ್ತದೆ, ಹಳೆಯದರ ಪಕ್ಕ ಇಟ್ಟು ಹೋಲಿಸಿಯೇ ಹಾಕು. ಮೊದಲು ತೆಗೆದುಕೊಟ್ಟದ್ದು ಉಲ್ಟಾ ಇತ್ತು, ಬೇರೆ ಹುಡುಕಿ ಕೊಟ್ಟರು. ಇಂಥವರಿಗಾಗಿ ಆ ಗಲ್ಲಿಯ ನೂಕುನುಗ್ಗಲು ಸಹಿಸಬಹುದು.

ಹಳೆಯ ಬಿಲ್ಲೆಯನ್ನು ಮೇಜಿನ ಮೇಲೆ ಬಿಡಬೇಡಿ. ಚಿಕ್ಕ ಮಕ್ಕಳು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡೇ ಗಂಟೆಯಲ್ಲಿ ಒಳಗೆ ಸುಡುತ್ತದೆ. ಸೊರಗಿದ ಬಿಲ್ಲೆಯಲ್ಲೂ ಅಷ್ಟು ಶಕ್ತಿ ಉಳಿದಿರುತ್ತದೆ. ಎರಡೂ ಮುಖಕ್ಕೆ ಟೇಪು ಸುತ್ತಿ ಇ-ತ್ಯಾಜ್ಯಕ್ಕೆ ಕೊಟ್ಟೆ.

ಹೊಸದು ಹಾಕಿ ಚಾಲು ಮಾಡಿದಾಗ ತಾರೀಕು ಹೊಂದಿಸು ಎಂದು ಯಂತ್ರ ನಿಂತಿತು. ಹೊಂದಿಸಿದೆ, ಉಳಿದ ಆಯ್ಕೆಗಳನ್ನು ಫೋಟೊ ನೋಡಿ ಸರಿಮಾಡಿದೆ. ಅಸಲಿ ಪರೀಕ್ಷೆ ಅದಲ್ಲ. ರಾತ್ರಿ ಮೇನ್ ಇಳಿಸಿ, ಬೆಳಗ್ಗೆ ಇಂಟರ್‌ನೆಟ್ ವೈರು ಕಿತ್ತಿಟ್ಟು ಚಾಲು ಮಾಡಿ ನೋಡಬೇಕು. ನೋಡಿದೆ. ಮೊಬೈಲಿನಲ್ಲಿ 9.32, ಪರದೆಯಲ್ಲೂ 9.32.

ಆ ಮೂರು ಬಿಲ್ಲು ತಿದ್ದಿದ್ದಾಯಿತು, ಭೋಸರಿಯವರ ಕ್ಷಮೆ ಕೇಳಿದ್ದಾಯಿತು. ನಮೂನೆಯಿಂದ ಸೂತ್ರ ತೆಗೆದು, ತಾರೀಕು ಕೈಯಿಂದ ಹೊಡೆಯುವಂತೆ ಬದಲಿಸಿದೆ.

ಹುಡುಗಿಗೆ ಫೋನ್ ಮಾಡಿದೆ. 'ತಪ್ಪು ನನ್ನದೇ ಕಣಮ್ಮ, ಗಡಿಯಾರದ ಬ್ಯಾಟರಿ ಹೋಗಿತ್ತು. ನಾಳೆ ಬಾ' ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

'ಬರ್ತೀನ್ರೀ ಸರ್. ಆದ್ರ ಇದನ್ನ ಆ ಹುಡುಗರ ಮುಂದೂ ಹೇಳ್ರಿ' ಎಂದಳು.

ಮರುದಿನ ಅವಳು ಬಂದು ಕೂತ ಮೇಲೆ ಇಬ್ಬರನ್ನೂ ಕರೆದು ಹೇಳಿದೆ. ಅವರಿಗೆ ಕನ್ನಡ ಬಾರದು, ಮರಾಠಿಯಲ್ಲೇ ಹೇಳಿದೆ.