ಹದಿನೈದು ಗಂಟೆಯಾಚೆಯ ಪಾಠ

ಪದವಿ ಕಾಲೇಜಿನ ಅಧ್ಯಾಪಕರಿಗೆ ಎಷ್ಟು ಕೆಲಸ? ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ತರಗತಿಯ ಪಾಠ ನಿಗದಿ ಮಾಡಿದೆ. ಅದೇ ನಿಯಮಾವಳಿ, ವಾರದ ಒಟ್ಟು ಕೆಲಸ 40 ಗಂಟೆಗೆ ಕಡಿಮೆ ಇರಬಾರದು ಎಂದೂ ಹೇಳುತ್ತದೆ. ಉಳಿದ 24 ಗಂಟೆಯಲ್ಲಿ ಪಾಠದ ತಯಾರಿ, ಲ್ಯಾಬಿನ ಸಿದ್ಧತೆ, ಟೆಸ್ಟ್ ಪೇಪರ್ ತಿದ್ದುವುದು, ಕಾರಿಡಾರಿನಲ್ಲಿ ತಡೆದು ನಿಲ್ಲಿಸುವ ಹುಡುಗಿಯ ಪ್ರಶ್ನೆಗೆ ಉತ್ತರಿಸುವುದು ಎಲ್ಲ ಸೇರುತ್ತವೆ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಈಗ ಸದ್ದಿಲ್ಲದೆ ಕರಗುತ್ತಿರುವುದು ಈ 24 ಗಂಟೆ.

ಕರ್ನಾಟಕದ ನಾನ್ನೂರಕ್ಕೂ ಹೆಚ್ಚು ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು, ಅಂದರೆ ವರ್ಷದ ಮಟ್ಟಿಗೆ ನೇಮಕಗೊಂಡ ತಾತ್ಕಾಲಿಕ ಬೋಧಕರು, ದುಡಿಯುತ್ತಿದ್ದಾರೆ. ಕಾಯಂ ಅಧ್ಯಾಪಕರ ಸಂಖ್ಯೆ ಇದಕ್ಕಿಂತ ಕಡಿಮೆ. ಗುತ್ತಿಗೆ ನೇಮಕ ಒಟ್ಟು ಹುದ್ದೆಗಳ ಶೇ 10ನ್ನು ಮೀರಬಾರದು ಎಂಬುದು ಮೇಲಿನ ನಿಯಮಾವಳಿಯದೇ ಮಾತು. 2025ರ ಜನವರಿಯಲ್ಲಿ ಬಂದ ಯುಜಿಸಿ ಕರಡು ಆ ಮಿತಿಯನ್ನೇ ಕೈಬಿಡಲು ಹೊರಟಿತು. ಜ್ವರ ಇಳಿಯದಿದ್ದರೆ ಥರ್ಮಾಮೀಟರ್ ಒಡೆದು ಹಾಕುವ ಚಿಕಿತ್ಸೆ ಇದು.

2022ರ ಜನವರಿಯಲ್ಲಿ ಅತಿಥಿಗಳ ಗೌರವಧನ ಏರಿತು. ಅನುಭವ ಮತ್ತು ಯುಜಿಸಿ ಅರ್ಹತೆ ಎರಡೂ ಇದ್ದವರಿಗೆ ತಿಂಗಳಿಗೆ 32,000 ರೂಪಾಯಿವರೆಗೆ ಸಿಕ್ಕಿತು. ಜೊತೆಗೆ ವಾರದ ಕಾರ್ಯಭಾರ 15 ಗಂಟೆಗೆ ಹಿಗ್ಗಿತು, ಅಷ್ಟೇ ಪಾಠಕ್ಕೆ ಕಡಿಮೆ ಜನ ಸಾಕಾದರು. ಹಾಗಾಗಿ ಕೆಲವರಿಗೆ ಸಂಬಳ ಹೆಚ್ಚಿತು, ಇನ್ನು ಕೆಲವರಿಗೆ ಕೆಲಸವೇ ಹೋಯಿತು. ತರಗತಿಯ ಹೊರಗೆ ಮಾಡುವ ಕೆಲಸಕ್ಕೆ ಮಾತ್ರ ಎಂದಿನಂತೆ ಲೆಕ್ಕವಿಲ್ಲ. ಮೂರು ಪತ್ರಿಕೆ, ಪ್ರತಿ ತರಗತಿಯಲ್ಲಿ 60 ವಿದ್ಯಾರ್ಥಿಗಳು, ಸೆಮಿಸ್ಟರಿಗೆ ಎರಡು ಟೆಸ್ಟ್ ಎಂದಿಟ್ಟುಕೊಳ್ಳಿ. ಅಲ್ಲಿಗೆ 360 ಉತ್ತರ ಪತ್ರಿಕೆಗಳಾದವು. ಒಂದೊಂದಕ್ಕೆ ಹತ್ತು ನಿಮಿಷ ಕೊಟ್ಟರೂ 60 ಗಂಟೆ ಬೇಕು. ಸಂಜೆ ಟ್ಯೂಷನ್‌ಗೋ ಇನ್ನೊಂದು ಖಾಸಗಿ ಕಾಲೇಜಿಗೋ ಓಡಬೇಕಾದವರು ಅಷ್ಟು ಸಮಯ ಎಲ್ಲಿಂದ ತರುತ್ತಾರೆ? ಪೇಪರ್ ಮೇಲೆ ಕಣ್ಣಾಡಿಸಿ ಆಂತರಿಕ ಮೌಲ್ಯಮಾಪನದ (ಐಎ) ಮಾರ್ಕ್ಸ್ ತುಂಬುತ್ತಾರೆ. ತಪ್ಪೆಲ್ಲಾಯಿತೆಂದು ವಿದ್ಯಾರ್ಥಿಗೆ ಗೊತ್ತಾಗುವುದೇ ಇಲ್ಲ.

ಅಧ್ಯಾಪಕರು ಕಾಯಂ ಆಗಿಲ್ಲದಿರುವುದರ ಪರಿಣಾಮವನ್ನು ಅಮೆರಿಕದವರು ಅಳೆದಿದ್ದಾರೆ. 2005ರಲ್ಲಿ ಸಂಶೋಧಕರಾದ ಎಹ್ರೆನ್‌ಬರ್ಗ್ ಮತ್ತು ಝಾಂಗ್ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಾಯಂ ಅಲ್ಲದ ಅಧ್ಯಾಪಕರ ಪಾಲು ಏರಿದ ಕಾಲೇಜುಗಳಲ್ಲಿ ಪದವಿ ಮುಗಿಸುವವರ ಪ್ರಮಾಣ ಇಳಿಯಿತು. ಇಳಿಕೆ ಹೆಚ್ಚಾಗಿ ಕಂಡದ್ದು ಸಂಶೋಧನೆಗಿಂತ ಬೋಧನೆಯನ್ನೇ ನೆಚ್ಚಿಕೊಂಡ ಸಾರ್ವಜನಿಕ ಸಂಸ್ಥೆಗಳಲ್ಲಿ.

ಇದಕ್ಕೆ ತದ್ವಿರುದ್ಧವೆನಿಸುವ ಸಾಕ್ಷ್ಯವೂ ಇದೆ, ಅದನ್ನು ಬಚ್ಚಿಟ್ಟರೆ ಅಪ್ರಾಮಾಣಿಕತೆಯಾಗುತ್ತದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕ ಫಿಗ್ಲಿಯೊ ಮತ್ತು ಸಂಗಡಿಗರು ಹೊಸ ವಿದ್ಯಾರ್ಥಿಗಳನ್ನು ಪರಿಶೀಲಿಸಿದಾಗ, ಕಾಯಂ ಶ್ರೇಣಿಯವರಿಗಿಂತ ಆ ಶ್ರೇಣಿಯ ಹೊರಗಿನವರ ಬಳಿ ಕಲಿತವರೇ ಮುಂದಿನ ತರಗತಿಗಳಲ್ಲಿ ಚೆನ್ನಾಗಿ ಮಾಡಿದ್ದರು. ಆದರೆ ಅಲ್ಲಿನ ಆ ಬೋಧಕರಲ್ಲಿ ಬಹುಪಾಲು ಜನ ಪೂರ್ಣಾವಧಿಗೆ, ವರ್ಷಗಟ್ಟಲೆ ಒಂದೇ ಕಡೆ ಕೆಲಸ ಮಾಡುತ್ತಿದ್ದವರು. ನಾನು ಇದರಿಂದ ಓದಿಕೊಳ್ಳುವುದಿಷ್ಟು: ನೇಮಕಾತಿ ಆದೇಶದಲ್ಲಿ ಏನು ಬರೆದಿದೆ ಎನ್ನುವುದಕ್ಕಿಂತ ಅಧ್ಯಾಪಕರ ಕೈಯಲ್ಲಿರುವ ಸಮಯ ಮುಖ್ಯ, ಮುಂದಿನ ವರ್ಷವೂ ಇಲ್ಲೇ ಇರುತ್ತೇನೆಂಬ ಭರವಸೆ ಮುಖ್ಯ. ನಮ್ಮ ಅತಿಥಿಗಳಲ್ಲಿ ಎಂಥ ಒಳ್ಳೆಯ ಮೇಷ್ಟ್ರಿದ್ದಾರೆಂದು ವಿದ್ಯಾರ್ಥಿಗಳೇ ಹೇಳುತ್ತಾರೆ. ಅವರಿಗಿಲ್ಲದಿರುವುದು ಆ ಸಮಯ ಮತ್ತು ಆ ಭರವಸೆ, ಎರಡೇ.

ತಯಾರಿಗೆ ಸಮಯ ಸಿಗುವುದು ಯಾಕೆ ಮುಖ್ಯ? 2014ರಲ್ಲಿ ಸಂಶೋಧಕ ಫ್ರೀಮನ್ ಅವರ ತಂಡ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳಲ್ಲಿ ಬರೀ ಉಪನ್ಯಾಸ ಕೇಳಿದವರಲ್ಲಿ ಸರಾಸರಿ ಶೇ 33.8 ಮಂದಿ ನಪಾಸಾದರೆ, ವಿದ್ಯಾರ್ಥಿಗಳನ್ನೇ ಚರ್ಚೆಗೆ, ಲೆಕ್ಕ ಬಿಡಿಸುವುದಕ್ಕೆ ಹಚ್ಚಿದ ತರಗತಿಗಳಲ್ಲಿ ಶೇ 21.8. ಅಂಥ ತರಗತಿಗೆ ತಯಾರಿ ಬೇಕು. ತರಗತಿಯ ಗಂಟೆಗಳನ್ನಷ್ಟೇ ಲೆಕ್ಕ ಹಿಡಿದು ಸಂಬಳ ಕೊಡುವ ವ್ಯವಸ್ಥೆ ಡಿಕ್ಟೇಷನ್ ನೋಟ್ಸನ್ನೇ ಉತ್ಪಾದಿಸುತ್ತದೆ. ಸಾಲದ್ದಕ್ಕೆ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ನಾಲ್ಕು ವರ್ಷದ ಪದವಿ, 2024ರಲ್ಲಿ ಮತ್ತೆ ಮೂರು ವರ್ಷದ್ದು. ಪಠ್ಯಕ್ರಮ ಹೀಗೆ ಮಗುಚುವಾಗ ಹಳೆಯದನ್ನು ಹೊಸದಕ್ಕೆ ಜೋಡಿಸಿಕೊಡಲು ವಿಭಾಗದಲ್ಲಿ ನೆಲೆ ನಿಂತವರು ಬೇಕು.

ಹಾನಿ ಕಾಣುವುದು ಕಾಲೇಜಿನಲ್ಲಷ್ಟೇ ಅಲ್ಲ. 2025ರಲ್ಲಿ ಬಿ.ಎಸ್ಸಿ. ಸೇರಿದವರು 2028ಕ್ಕೆ ಪದವಿ, 2030ಕ್ಕೆ ಬಿ.ಎಡ್. ಮುಗಿಸಿ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಹೇಳಿಕೊಡಲು ನಿಲ್ಲುತ್ತಾರೆ. ತಾವು ಬಿಡಿಸಿದ ಲೆಕ್ಕವನ್ನು ಯಾರೂ ತಿದ್ದಿಕೊಡದೆ ಪಾಸಾದವರು ಮಕ್ಕಳ ಲೆಕ್ಕ ತಿದ್ದಬೇಕು. ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿದಾಗ ನಾವು ಹೈಸ್ಕೂಲಿನವರನ್ನು ಬೈಯುತ್ತೇವೆ, ಡಿಗ್ರಿ ಕಾಲೇಜಿನ ಟೈಮ್‌ಟೇಬಲ್ ಯಾರಿಗೂ ನೆನಪಾಗುವುದಿಲ್ಲ.

ಕಾಯಂ ನೇಮಕಾತಿಯನ್ನೇ ನೆಚ್ಚಿ ಕೂರುವಂತೆಯೂ ಇಲ್ಲ. ಸಹಾಯಕ ಪ್ರಾಧ್ಯಾಪಕರ 1,242 ಹುದ್ದೆಗಳಿಗೆ 2021ರಲ್ಲಿ ಅಧಿಸೂಚನೆ ಹೊರಟು, 2022ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆದು, ಅಕ್ರಮದ ಆರೋಪ, ಕೋರ್ಟು ಎಲ್ಲ ದಾಟಿ ಆದೇಶಪತ್ರ ಕೈಗೆ ಬರುವಷ್ಟರಲ್ಲಿ ವರ್ಷಗಳೇ ಉರುಳಿದವು. ಇವತ್ತೇ ಹೊಸ ಅಧಿಸೂಚನೆ ಬಂದರೂ ಈಗಿನ ಮೊದಲ ಸೆಮಿಸ್ಟರಿನವರು ಆ ಹೊಸಬರ ಪಾಠ ಕೇಳುವ ಮೊದಲೇ ಪದವಿ ಮುಗಿಸಿರಬಹುದು. ಅಲ್ಲಿಯವರೆಗೆ, ಅತಿಥಿಗಳನ್ನು ವರ್ಷವರ್ಷವೂ ಕೌನ್ಸೆಲಿಂಗಿಗೆ ನಿಲ್ಲಿಸದೆ ಒಂದು ಬ್ಯಾಚು ಮುಗಿಯುವ ತನಕ, ಅಂದರೆ ಮೂರು ವರ್ಷಕ್ಕೆ ಒಮ್ಮೆಲೇ ನೇಮಿಸಬಹುದು. ಪೇಪರ್ ತಿದ್ದುವ ಗಂಟೆಗಳನ್ನು ಕಾರ್ಯಭಾರಕ್ಕೆ ಸೇರಿಸಿ ಹಣ ಕೊಡಬಹುದು. ಎರಡಕ್ಕೂ ಹೊಸ ಕಟ್ಟಡ ಬೇಕಿಲ್ಲ, ಹಣಕಾಸು ಇಲಾಖೆಯ ಒಪ್ಪಿಗೆ ಸಾಕು.