ಕಲ್ಲುಮೈಯವನ ಪ್ರಾರ್ಥನಾ ಶಾಲು

1970ರ ದಶಕದ ನಡುವಿನಲ್ಲಿ ಅಮೆರಿಕದ ಕಾಮಿಕ್ಸ್ ಕಲಾವಿದ ಜ್ಯಾಕ್ ಕರ್ಬಿ ಹನುಕ್ಕಾ ಹಬ್ಬದ ಶುಭಾಶಯಕ್ಕೆಂದು ಒಂದು ಚಿತ್ರ ಬರೆದರು. ಚಿತ್ರದಲ್ಲಿ ನಿಂತಿದ್ದವನು 'ಫೆಂಟಾಸ್ಟಿಕ್ ಫೋರ್' ತಂಡದ ಬೆನ್ ಗ್ರಿಮ್, ಓದುಗರ ಬಾಯಲ್ಲಿ 'ಥಿಂಗ್'. ಬಾಹ್ಯಾಕಾಶದ ಕಿರಣಗಳ ಹೊಡೆತಕ್ಕೆ ಮೈಯೆಲ್ಲ ಕಿತ್ತಳೆ ಬಣ್ಣದ ಬಂಡೆಯಾದವನು. ಅಂಥವನ ತಲೆಯ ಮೇಲೆ ಪುಟ್ಟ ಕಿಪ್ಪಾ ಟೋಪಿ, ಹೆಗಲ ಮೇಲೆ ಯಹೂದಿಗಳ ಪ್ರಾರ್ಥನಾ ಶಾಲು, ಕೈಯಲ್ಲಿ ಪ್ರಾರ್ಥನೆಯ ಪುಸ್ತಕ.

ಆ ಚಿತ್ರ ಮಾರಾಟಕ್ಕಿರಲಿಲ್ಲ. ಅಂಗಡಿಯಲ್ಲಿ ಸಿಗುತ್ತಿದ್ದ ಬೆನ್‌ಗೆ ಧರ್ಮವೇ ಇರಲಿಲ್ಲ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಅವನಿಗೂ ಉಳಿದ ವೀರರ ಹಾಗೆ ಕ್ರಿಸ್‌ಮಸ್ ಒಂದೇ ಹಬ್ಬ. 1975ರಲ್ಲಿ 'ಮಾರ್ವೆಲ್ ಟೂ-ಇನ್-ಒನ್' ಪತ್ರಿಕೆಯ 8ನೇ ಸಂಚಿಕೆಯಲ್ಲಿ ಅವನು ಘೋಸ್ಟ್ ರೈಡರ್ ಜೊತೆಗೂಡಿ, ಕ್ರಿಸ್ತಜನನದ ಪ್ರಸಂಗವೇ ಮತ್ತೆ ನಡೆಯುತ್ತಿರುವಂತೆ ಕಾಣುವ ಮರುಭೂಮಿಯ ಊರಿಗೆ ಹೋಗುತ್ತಾನೆ. ಮುದ್ರಿತ ಪುಟದಲ್ಲಿ ಹಾಗೆ, ಕರ್ಬಿಯವರ ಮನೆಯಲ್ಲಿ ಹೀಗೆ. ಈ ಎರಡು ಬೆನ್‌ಗಳು ಒಬ್ಬನೇ ಆಗಲು 2002ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಪಾತ್ರ ಹುಟ್ಟಿ 41 ವರ್ಷವಾಗಿತ್ತು, ಕರ್ಬಿ ತೀರಿಕೊಂಡು ಎಂಟು ವರ್ಷವಾಗಿತ್ತು.

ಕರ್ಬಿ ಹುಟ್ಟುವಾಗ ಜೇಕಬ್ ಕರ್ಟ್ಸ್‌ಬರ್ಗ್. 1917ರ ಆಗಸ್ಟ್ 28ರಂದು ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್‌ನಲ್ಲಿ, ಆಸ್ಟ್ರಿಯಾದಿಂದ ವಲಸೆ ಬಂದ ಯಹೂದಿ ಕುಟುಂಬದಲ್ಲಿ ಹುಟ್ಟಿದರು. ತಂದೆ ಬೆಂಜಮಿನ್ ಬಟ್ಟೆ ಕಾರ್ಖಾನೆಯ ಕೆಲಸಗಾರ. ಇಕ್ಕಟ್ಟಾದ ವಠಾರಗಳು, ಬೀದಿಗೊಂದು ಹುಡುಗರ ಗುಂಪು, ಪಕ್ಕದ ಬೀದಿಯವರ ಮೇಲೆ ಕಲ್ಲು ತೂರಾಟ, ಮಹಡಿಯಿಂದ ಮಹಡಿಗೆ ಜಿಗಿದು ಹೊಡೆದಾಟ. ಬಹಳ ವರ್ಷಗಳ ನಂತರ ಅವರು 'ಸ್ಟ್ರೀಟ್ ಕೋಡ್' ಎಂಬ ಪುಟ್ಟ ಆತ್ಮಕಥನ ಕಾಮಿಕ್ಸ್‌ನಲ್ಲಿ ಆ ಬಾಲ್ಯವನ್ನು ಸಕ್ಕರೆ ಲೇಪಿಸದೆ ಬರೆದಿಟ್ಟರು.

ಹೆಸರು ಬದಲಾಯಿಸಿಕೊಂಡವರು ಅವರೊಬ್ಬರೇ ಅಲ್ಲ. ಸ್ಟಾನ್ಲಿ ಮಾರ್ಟಿನ್ ಲೀಬರ್ ಸ್ಟ್ಯಾನ್ ಲೀ ಆದರು. ಬ್ಯಾಟ್‌ಮ್ಯಾನ್ ಪುಟಗಳ ಮೇಲೆ ಸಹಿ ಹಾಕುತ್ತಿದ್ದ ರಾಬರ್ಟ್ ಕಾನ್ ಬಾಬ್ ಕೇನ್ ಆದರು. ಅಂದಿನ ಅಮೆರಿಕದಲ್ಲಿ ಜಾಹೀರಾತು ಕಂಪನಿಗಳೂ ದೊಡ್ಡ ಪತ್ರಿಕೆಗಳೂ ಯಹೂದಿ ಹುಡುಗರಿಗೆ ಸುಲಭವಾಗಿ ಬಾಗಿಲು ತೆರೆಯುತ್ತಿರಲಿಲ್ಲ. ಕಾಮಿಕ್ಸ್ ಮರ್ಯಾದಸ್ಥರು ಮುಟ್ಟದ ಧಂದೆಯಾದ್ದರಿಂದ ಅಲ್ಲಿ ಜಾಗವಿತ್ತು. ಆದರೆ ಜನಾಂಗ ಮುಚ್ಚಿಡಲು ಹೆಸರು ಬದಲಿಸಿದಿರಾ ಎಂದು ಯಾರಾದರೂ ಕೇಳಿದರೆ ಕರ್ಬಿಗೆ ಸಿಟ್ಟು ಬರುತ್ತಿತ್ತು. ಸಿನಿಮಾ ನಟ ಜೇಮ್ಸ್ ಕ್ಯಾಗ್ನಿಯ ಹೆಸರಿನ ಗತ್ತು ಇದರಲ್ಲೂ ಇದೆ ಎಂಬುದಷ್ಟೇ ಅವರು ಕೊಡುತ್ತಿದ್ದ ಕಾರಣ.

ಮುಚ್ಚಿಡುವ ಜಾಯಮಾನದವರಲ್ಲ ಎಂಬುದಕ್ಕೆ ಸಾಕ್ಷಿಯೂ ಇದೆ. 1940ರ ಡಿಸೆಂಬರಿನಲ್ಲಿ, ಅಮೆರಿಕ ಇನ್ನೂ ಯುದ್ಧಕ್ಕೆ ಇಳಿಯದಿದ್ದಾಗ, ಕರ್ಬಿ ಮತ್ತು ಜೋ ಸೈಮನ್ ಸೇರಿ 'ಕ್ಯಾಪ್ಟನ್ ಅಮೆರಿಕ'ದ ಮೊದಲ ಸಂಚಿಕೆ ಹೊರತಂದರು. ಮುಖಪುಟದಲ್ಲಿ ನಾಯಕ ಹಿಟ್ಲರನ ದವಡೆಗೆ ಗುದ್ದುತ್ತಿದ್ದಾನೆ. ಅಮೆರಿಕದಲ್ಲಿದ್ದ ನಾಜಿ ಬೆಂಬಲಿಗರಿಂದ ಬೆದರಿಕೆ ಪತ್ರಗಳು ಬಂದವು. ಮೇಯರ್ ಲಾ ಗಾರ್ಡಿಯಾ ಸ್ವತಃ ಫೋನ್ ಮಾಡಿ ರಕ್ಷಣೆಯ ಭರವಸೆ ಕೊಟ್ಟರೆಂದು ಸೈಮನ್ ನೆನಪಿಸಿಕೊಳ್ಳುತ್ತಿದ್ದರು. ಅದೇ 1940ರ ಏಪ್ರಿಲ್‌ನಲ್ಲಿ ಜರ್ಮನಿಯ ಎಸ್‌ಎಸ್ ಪಡೆಯ ವಾರಪತ್ರಿಕೆ 'ದಾಸ್ ಶ್ವಾರ್ಟ್ಸ ಕೋರ್' ಸೂಪರ್‌ಮ್ಯಾನ್ ಕಥೆಗಾರ ಜೆರ್ರಿ ಸೀಗಲ್ ಮೇಲೆ ಹರಿಹಾಯ್ದಿತ್ತು. ಸೂಪರ್‌ಮ್ಯಾನ್ ಯಾವ ಧರ್ಮದವನೆಂದು ಕಾಮಿಕ್ಸ್ ಎಲ್ಲೂ ಹೇಳಿರಲಿಲ್ಲ. ಬರೆದವರು ಯಾರೆಂಬುದೇ ನಾಜಿಗಳಿಗೆ ಸಾಕಾಗಿತ್ತು.

ಆದರೂ ಕ್ಯಾಪ್ಟನ್ ಅಮೆರಿಕ ಹೊಂಬಣ್ಣದ ಕೂದಲು, ನೀಲಿ ಕಣ್ಣಿನ ಸ್ಟೀವ್ ರೋಜರ್ಸ್. ಸೂಪರ್‌ಮ್ಯಾನ್ ಕಾನ್ಸಾಸ್ ಕಡೆಯ ಹೊಲಗದ್ದೆಯ ಹುಡುಗ. ಬರೆಯುವವರ ಮನೆಯ ಹಬ್ಬ ಒಂದು, ಬರೆದ ಪಾತ್ರದ ಹಬ್ಬ ಇನ್ನೊಂದು. 1954ರಲ್ಲಿ ಈ ಮೌನಕ್ಕೆ ಬೀಗವೂ ಬಿತ್ತು. ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಕಾಮಿಕ್ಸ್‌ನಿಂದ ಮಕ್ಕಳು ಕೆಡುತ್ತಿದ್ದಾರೆಂದು ಪುಸ್ತಕ ಬರೆದರು, ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತು, ಹೆದರಿದ ಪ್ರಕಾಶಕರು ತಾವೇ 'ಕಾಮಿಕ್ಸ್ ಕೋಡ್' ರಚಿಸಿಕೊಂಡರು. ಯಾವುದೇ ಧರ್ಮದ ಗುಂಪನ್ನು ಹೀಗಳೆಯಬಾರದೆಂಬ ನಿಯಮ ಅದರಲ್ಲಿತ್ತು. ನಿಯಮ ಒಳ್ಳೆಯದೇ. ಆದರೆ ಕೋಡ್‌ನ ಒಪ್ಪಿಗೆಯ ಮುದ್ರೆ ಇಲ್ಲದ ಪುಸ್ತಕವನ್ನು ವಿತರಕರು ಮುಟ್ಟುತ್ತಿರಲಿಲ್ಲ. ಎಡವಟ್ಟಿಗೆ ದಾರಿ ಮಾಡುವ ಮಾತನ್ನು ಎತ್ತದಿರುವುದೇ ಸಂಪಾದಕರಿಗೆ ಕ್ಷೇಮವಾಗಿ ಕಂಡಿತು.

1961ರಲ್ಲಿ ಕರ್ಬಿ ಮತ್ತು ಸ್ಟ್ಯಾನ್ ಲೀ ಸೇರಿ 'ಫೆಂಟಾಸ್ಟಿಕ್ ಫೋರ್' ತಂದಾಗ ಸ್ಥಿತಿ ಇದು. ಬೆನ್‌ನ ಪೂರ್ತಿ ಹೆಸರು ಬೆಂಜಮಿನ್ ಜೇಕಬ್ ಗ್ರಿಮ್: ಕರ್ಬಿಯವರ ತಂದೆಯ ಹೆಸರಿನ ಪಕ್ಕ ಅವರದೇ ಹುಟ್ಟುಹೆಸರು. ಅವನು ಬೆಳೆದ ಯಾನ್ಸಿ ಬೀದಿಗೆ ಲೋಯರ್ ಈಸ್ಟ್ ಸೈಡಿನ ಡೆಲಾನ್ಸಿ ಬೀದಿಯೇ ಮಾದರಿ. ಆ ಬೀದಿಯ ಗ್ಯಾಂಗು ಅವನ ಬೆನ್ನು ಬಿಡುವುದಿಲ್ಲ. ಹಳೆಯ ಗೆಳೆಯ ಪ್ರಸಿದ್ಧನಾದನೆಂಬ ಹೊಟ್ಟೆಕಿಚ್ಚಿಗೆ ಅಂಚೆಯಲ್ಲಿ ಕುಚೋದ್ಯದ ಪೊಟ್ಟಣಗಳನ್ನು ಕಳಿಸುತ್ತದೆ. ಬೆನ್ ಬಾಯಿ ತೆರೆದರೆ ಪೆಟ್ಯೂನಿಯಾ ಅತ್ತೆಯ ಆಣೆ. ಸಿಗಾರ್ ಸೇದುತ್ತಾನೆ, ಗೊಣಗುತ್ತಾನೆ, ಜಗಳಕ್ಕೆ ಮೊದಲು ಹೋಗುತ್ತಾನೆ, ಕನ್ನಡಿಗೆ ಹೆದರುತ್ತಾನೆ. ಬೆನ್ ಎಂದರೆ ನಾನೇ ಎಂಬರ್ಥದ ಮಾತನ್ನು ಕರ್ಬಿ ಸಂದರ್ಶನಗಳಲ್ಲಿ ಹೇಳಿದ್ದುಂಟು. ಆ ನೆರೆಹೊರೆಯಲ್ಲಿ ಬೆಳೆದವರಿಗೆ ಬೆನ್ ಯಾರ ಮನೆ ಹುಡುಗ ಎಂದು ಬಿಡಿಸಿ ಹೇಳಬೇಕಿರಲಿಲ್ಲ.

ಬಾಯಿಬಿಟ್ಟು ಹೇಳುವ ಕೆಲಸ ಶುರುವಾದದ್ದು ಪಕ್ಕದ ಪತ್ರಿಕೆಯಲ್ಲಿ. 1975ರಲ್ಲಿ ಲೆನ್ ವೀನ್ ಮತ್ತು ಡೇವ್ ಕಾಕ್ರಮ್ 'ಎಕ್ಸ್-ಮೆನ್' ತಂಡವನ್ನು ಹೊಸದಾಗಿ ಕಟ್ಟಿದರು. ಅದರಲ್ಲಿದ್ದ ಜರ್ಮನ್ ಹುಡುಗ ನೈಟ್‌ಕ್ರಾಲರ್‌ಗೆ ನೀಲಿ ಮೈ, ಚೂಪು ಕಿವಿ, ಬಾಲ, ನೋಡಿದರೆ ಸೈತಾನನೇ. ಕಥೆಗಾರ ಕ್ರಿಸ್ ಕ್ಲೇರ್‌ಮಾಂಟ್ ಅವನನ್ನು ಶ್ರದ್ಧಾವಂತ ಕ್ಯಾಥೊಲಿಕ್ ಮಾಡಿದರು. 1980ರಲ್ಲಿ ಅದೇ ಪತ್ರಿಕೆಗೆ ಕಿಟ್ಟಿ ಪ್ರೈಡ್ ಬಂದಳು. ಕುತ್ತಿಗೆಯಲ್ಲಿ ದಾವೀದನ ನಕ್ಷತ್ರ ತೊಟ್ಟ ಯಹೂದಿ ಹುಡುಗಿ. 1982ರಲ್ಲಿ ಡ್ರಾಕುಲಾ ಎದುರಾದಾಗ ಅವಳು ಹಿಡಿದ ಶಿಲುಬೆಗೆ ಅವನು ಜಗ್ಗಲಿಲ್ಲ. ಅವಳ ಕುತ್ತಿಗೆಗೆ ಕೈ ಹಾಕಿದಾಗ ಮಾತ್ರ ಆ ನಕ್ಷತ್ರ ತಗುಲಿ ಕೈ ಸುಟ್ಟುಕೊಂಡ. ರಕ್ತಪಿಶಾಚಿಯನ್ನು ಓಡಿಸುವುದು ಲೋಹದ ತುಂಡಲ್ಲ, ತೊಟ್ಟವರ ನಂಬಿಕೆ ಎಂದು ಕ್ಲೇರ್‌ಮಾಂಟ್ ಉಪದೇಶವಿಲ್ಲದೆ, ಹೊಡೆದಾಟದ ಮಧ್ಯೆಯೇ ತೋರಿಸಿದರು. ಸೂಪರ್‌ಹೀರೊಗಳ ಧರ್ಮದ ಬಗ್ಗೆ ಆಮೇಲೆ ಬಂದ ಎಷ್ಟೋ ದಪ್ಪ ಕಥೆಗಳಿಗಿಂತ ಆ ಕೆಲವು ಚೌಕಗಳು ಮೇಲು.

ಡೇರ್‌ಡೆವಿಲ್‌ದೂ ಅಂಥದೇ ದಾರಿ. 1964ರಲ್ಲಿ ಹುಟ್ಟಿದ ಅಂಧ ವಕೀಲ ಮ್ಯಾಟ್ ಮರ್ಡಾಕ್‌ನ ಕ್ಯಾಥೊಲಿಕ್ ಪಾಪಪ್ರಜ್ಞೆಯನ್ನು ಕೆದಕಿದವರು ಎರಡು ದಶಕದ ಮೇಲೆ ಫ್ರ್ಯಾಂಕ್ ಮಿಲ್ಲರ್. 1986ರ 'ಬಾರ್ನ್ ಅಗೇನ್' ಸರಣಿಯಲ್ಲಿ ಎಲ್ಲವನ್ನೂ ಕಳೆದುಕೊಂಡ ಅವನನ್ನು ಉಪಚರಿಸುವ ಸನ್ಯಾಸಿನಿ ಅವನ ತಾಯಿಯೇ. ಮೂನ್ ನೈಟ್‌ನ ಕಥೆ ಇನ್ನೂ ತಮಾಷೆಯದು. ಈಜಿಪ್ಟಿನ ಚಂದ್ರದೇವತೆ ಖೊನ್ಶುವಿನ ಸೇವಕನಾದ ಅವನು ರಬ್ಬಿಯ ಮಗನೆಂದು 1980ರ ದಶಕದಲ್ಲಿ ಗೊತ್ತಾಯಿತು. ಪಾಪ, ನೈಟ್‌ಕ್ರಾಲರ್‌ನನ್ನು ಮಾತ್ರ ಉತ್ಸಾಹಿ ಕಥೆಗಾರರು ಪಾದ್ರಿಯನ್ನಾಗಿ ಮಾಡಿ, 2003ರಲ್ಲಿ ಆ ದೀಕ್ಷೆಯೇ ಭ್ರಮೆ, ಶತ್ರುಗಳ ಸಂಚು ಎಂದು ರದ್ದು ಮಾಡಿಬಿಟ್ಟರು.

ಇಷ್ಟಾದರೂ ಯಾನ್ಸಿ ಬೀದಿಯ ಹುಡುಗ ತುಟಿ ಬಿಚ್ಚಿರಲಿಲ್ಲ. 2002ರಲ್ಲಿ 'ಫೆಂಟಾಸ್ಟಿಕ್ ಫೋರ್' ಮೂರನೇ ಸಂಪುಟದ 56ನೇ ಸಂಚಿಕೆಯನ್ನು ಕಾರ್ಲ್ ಕೆಸೆಲ್ ಬರೆದು ಸ್ಟುವರ್ಟ್ ಇಮೋನೆನ್ ಚಿತ್ರಿಸಿದರು. ಬೆನ್ ಹಳೆಯ ಬೀದಿಗೆ ಬರುತ್ತಾನೆ. ಹುಡುಗನಾಗಿದ್ದಾಗ ಗಿರವಿ ಅಂಗಡಿಯ ಮುದುಕ ಶೆಕರ್‌ಬರ್ಗ್‌ನಿಂದ ಕದ್ದಿದ್ದ ದಾವೀದನ ನಕ್ಷತ್ರದ ಪದಕವನ್ನು ಹಿಂದಿರುಗಿಸುವುದು ಅವನ ಉದ್ದೇಶ. ಅಷ್ಟರಲ್ಲಿ, ಅಂಗಡಿಯವರಿಂದ ಹಫ್ತಾ ಎತ್ತುವ ಪೌಡರ್‌ಕೆಗ್ ಎಂಬ ಪುಡಿರೌಡಿ ನುಗ್ಗುತ್ತಾನೆ. ಗಲಾಟೆಯಲ್ಲಿ ಮುದುಕ ಬಿದ್ದು ಉಸಿರಿಲ್ಲದವನಂತೆ ಮಲಗುತ್ತಾನೆ. ಏನು ಮಾಡಲೂ ತೋಚದ ಬೆನ್, ವರ್ಷಗಳಿಂದ ಹೇಳಿರದ 'ಶೆಮಾ' ಪ್ರಾರ್ಥನೆಯನ್ನು ತಡವರಿಸುತ್ತ ಹೀಬ್ರೂವಿನಲ್ಲಿ ಹೇಳುತ್ತಾನೆ.

ಮುದುಕ ಎದ್ದು ಕೂರುತ್ತಾನೆ. ಪೌಡರ್‌ಕೆಗ್‌ಗೆ ನಂಬಲಾಗುವುದಿಲ್ಲ: ನೀನು ಯಹೂದಿಯಾ, ನೋಡಿದರೆ ಹಾಗೆ ಕಾಣುವುದಿಲ್ಲವಲ್ಲ ಎನ್ನುತ್ತಾನೆ. ಮೈಯೆಲ್ಲ ಬಂಡೆಯಾದವನನ್ನು ಹಿಡಿದು ಈ ಮಾತು! ಇಷ್ಟು ದಿನ ಯಾಕೆ ಹೇಳಲಿಲ್ಲ, ನಾಚಿಕೆಯಾ ಎಂದು ಶೆಕರ್‌ಬರ್ಗ್ ಕೇಳಿದಾಗ ಬೆನ್ ಕೊಡುವ ಉತ್ತರ ಬೇರೆ. ಯಹೂದಿಗಳ ಮೇಲೆ ಲೋಕಕ್ಕಿರುವ ಕಿರಿಕಿರಿ ಸಾಲದೆಂದು, ಅವರೆಲ್ಲ ತನ್ನಂಥ ರಾಕ್ಷಸರೆಂಬ ಮಾತೂ ಯಾಕೆ ಸೇರಬೇಕು ಎಂಬ ಧಾಟಿ ಅದರದು. ಮುದುಕ ಅವನಿಗೆ ಗೋಲೆಮ್‌ನ ಕಥೆ ನೆನಪಿಸುತ್ತಾನೆ: ಮಣ್ಣಿನಿಂದ ಮಾಡಿದ ಆ ದೈತ್ಯ ರಾಕ್ಷಸನಲ್ಲ, ಕೇರಿಯ ಕಾವಲುಗಾರ.

ಕೆಸೆಲ್ ಹೊಸದೇನನ್ನೂ ಹೊರಗಿನಿಂದ ತಂದು ಅಂಟಿಸಲಿಲ್ಲ. ಕರ್ಬಿ ಬರೆದಿಟ್ಟ ಬೀದಿ, ಗ್ಯಾಂಗು, ಅವಮಾನ ಎಲ್ಲವನ್ನೂ ಬಳಸಿಕೊಂಡರು. ಆದ್ದರಿಂದ ಕಥೆ ನಿಂತಿತು. ಆಮೇಲಿನವು ಹೆಚ್ಚಾಗಿ ಸಮಾರಂಭಗಳು. ಥಿಂಗ್ ಆಗಿ 13 ವರ್ಷವಾಯಿತು, ಇದು ಎರಡನೇ ಜನ್ಮವಿದ್ದಂತೆ ಎಂಬ ಲೆಕ್ಕದಲ್ಲಿ 2006ರಲ್ಲಿ ಕಥೆಗಾರ ಡ್ಯಾನ್ ಸ್ಲಾಟ್ ಅವನಿಗೆ ಬಾರ್ ಮಿಟ್ಸ್‌ವಾ, ಅಂದರೆ ಯಹೂದಿ ಹುಡುಗರಿಗೆ 13ನೇ ವಯಸ್ಸಿನಲ್ಲಿ ಆಗುವ ಸಂಸ್ಕಾರ, ಮಾಡಿಸಿದರು. 2018ರಲ್ಲಿ ಅವರೇ ಬೆನ್‌ನ ಪ್ರೇಯಸಿ ಅಲಿಶಿಯಾ ಮಾಸ್ಟರ್ಸ್ ಜೊತೆ ಯಹೂದಿ ಕ್ರಮದಲ್ಲಿ ಅವನ ಮದುವೆ ಬರೆದರು. ಚೆಂದವಾಗಿಯೇ ಇವೆ. ಆದರೆ ಮದುವೆಮನೆಯಲ್ಲಿ ಕಾಣುವ ಧರ್ಮ ಮಾರನೆಯ ಸಂಚಿಕೆಯ ಹೊಡೆದಾಟದಲ್ಲಿ ಕಾಣದು; ಗಿರವಿ ಅಂಗಡಿಯ ವಾಸನೆಯಂತೂ ಎಲ್ಲೂ ಇಲ್ಲ.

ಆ ವಾಸನೆಯನ್ನು ಮತ್ತೆ ಹಿಡಿದ ಪತ್ರಿಕೆ 2014ರಲ್ಲಿ ಶುರುವಾದ 'ಮಿಸ್ ಮಾರ್ವೆಲ್'. ಸಂಪಾದಕಿ ಸನಾ ಅಮಾನತ್, ಕಥೆಗಾರ್ತಿ ಜಿ. ವಿಲೋ ವಿಲ್ಸನ್, ಚಿತ್ರಕಾರ ಏಡ್ರಿಯನ್ ಅಲ್ಫೋನಾ. ನಾಯಕಿ ಜರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಮುಸ್ಲಿಂ ಹುಡುಗಿ ಕಮಲಾ ಖಾನ್. ಅವಳ ಮನೆ, ಮಸೀದಿ, ಅಣ್ಣನ ಅತಿಶ್ರದ್ಧೆ, ಪಾರ್ಟಿಗೆ ಹೋಗಬೇಡವೆನ್ನುವ ಅಪ್ಪ ಅಮ್ಮ, ಎಲ್ಲವೂ ಕಥೆಯ ಒಳಗೇ ಇವೆ. ಮೊದಲ ಸಂಪುಟಕ್ಕೆ 2015ರಲ್ಲಿ ಹ್ಯೂಗೊ ಪ್ರಶಸ್ತಿ ಬಂತು. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊದ ಬಸ್ಸುಗಳ ಮೇಲೆ ಇಸ್ಲಾಂ ವಿರೋಧಿ ಜಾಹೀರಾತು ಕಾಣಿಸಿಕೊಂಡಾಗ ಯಾರೋ ಅವುಗಳ ಮೇಲೆ ಕಮಲಾಳ ಚಿತ್ರ ಅಂಟಿಸಿದರು.

ಧರ್ಮ ಪುಟದೊಳಗೆ ಬಂದಮೇಲೆ ಜಗಳವೂ ಬಂತು. 2017ರ ಏಪ್ರಿಲ್‌ನಲ್ಲಿ 'ಎಕ್ಸ್-ಮೆನ್ ಗೋಲ್ಡ್' ಮೊದಲ ಸಂಚಿಕೆಯ ಚಿತ್ರಗಳಲ್ಲಿ ಇಂಡೊನೇಷ್ಯಾದ ಕಲಾವಿದ ಅರ್ದಿಯಾನ್ ಸ್ಯಾಫ್ ಗುಟ್ಟಾಗಿ ಕುರಾನಿನ ಒಂದು ವಚನದ ಸಂಖ್ಯೆಯನ್ನೂ 212 ಎಂಬ ಅಂಕಿಯನ್ನೂ ತೂರಿಸಿದ್ದರು. ಎರಡೂ ಜಕಾರ್ತಾದ ಕ್ರೈಸ್ತ ಗವರ್ನರ್ ವಿರುದ್ಧದ ಚಳವಳಿಯ ಗುರುತುಗಳು. ತಂಡದ ನಾಯಕಿ ಆಗ ಯಹೂದಿಯಾದ ಕಿಟ್ಟಿ ಪ್ರೈಡ್ ಆಗಿದ್ದುದು ಗಾಯಕ್ಕೆ ಉಪ್ಪು ಸವರಿತು. ಪ್ರಕಾಶನ ಕಂಪನಿ ಮಾರ್ವೆಲ್ ಸ್ಯಾಫ್ ಅವರ ಒಪ್ಪಂದ ರದ್ದು ಮಾಡಿತು. ಗುಟ್ಟಾಗಿ ಬರೆದದ್ದು ಮೊದಲ ಸಲವೇನಲ್ಲ; ಆದರೆ ಹಳೆಯವರು ಬಚ್ಚಿಟ್ಟದ್ದು ತಮ್ಮ ಮನೆಯನ್ನು, ಇನ್ನೊಬ್ಬರ ಮೇಲಿನ ಹಗೆಯನ್ನಲ್ಲ.

ಕರ್ಬಿಯವರಿಗೆ ಕಾಮಿಕ್ಸ್ ಸಲ್ಲಿಸಿದ ಅತಿ ದೊಡ್ಡ ಗೌರವವೂ ಧಾರ್ಮಿಕವೇ. 'ಫೆಂಟಾಸ್ಟಿಕ್ ಫೋರ್'ನ 2004ರ 511ನೇ ಸಂಚಿಕೆಯಲ್ಲಿ ಮಾರ್ಕ್ ವೇಡ್ ಮತ್ತು ಮೈಕ್ ವೀರಿಂಗೊ, ಸತ್ತ ಬೆನ್‌ನನ್ನು ಕರೆತರಲು ಗೆಳೆಯರನ್ನು ಸ್ವರ್ಗಕ್ಕೆ ಕಳಿಸುತ್ತಾರೆ. ಅಲ್ಲಿ ಪೆನ್ಸಿಲ್ ಹಿಡಿದು ಕೂತ ದೇವರು ಸಾಕ್ಷಾತ್ ಜ್ಯಾಕ್ ಕರ್ಬಿ. ಮಧ್ಯೆ ಅವನಿಗೊಂದು ಫೋನ್, ಜೊತೆಗಾರನಿಂದ; ಸ್ಟ್ಯಾನ್ ಲೀ ಎಂದು ಓದುಗರಿಗೆ ಗೊತ್ತು. ಐದು ವರ್ಷದ ನಂತರ ಕರ್ಬಿ ಮಕ್ಕಳು ಪಾತ್ರಗಳ ಹಕ್ಕು ಕೇಳಿ 45 ನೋಟಿಸ್ ಕಳಿಸಿದಾಗ, ಆ ದೇವರು ಬಾಡಿಗೆಗೆ ಕೆಲಸ ಮಾಡಿದವನು ಎಂದು ಕಂಪನಿ ವಾದಿಸಿ ಎರಡು ನ್ಯಾಯಾಲಯಗಳಲ್ಲಿ ಗೆದ್ದಿತು. ಸುಪ್ರೀಂ ಕೋರ್ಟ್ ವಿಷಯ ಕೈಗೆತ್ತಿಕೊಳ್ಳಬಹುದಾಗಿದ್ದ ಹೊತ್ತಿಗೆ, 2014ರ ಸೆಪ್ಟೆಂಬರಿನಲ್ಲಿ, ರಾಜಿಯಾಯಿತು.

2025ರ ಜುಲೈನಲ್ಲಿ ಬಂದ 'ಫೆಂಟಾಸ್ಟಿಕ್ ಫೋರ್: ಫಸ್ಟ್ ಸ್ಟೆಪ್ಸ್' ಚಿತ್ರದಲ್ಲಿ ಎಬನ್ ಮಾಸ್-ಬ್ಯಾಕ್ರಾಕ್ ನಟಿಸಿದ ಬೆನ್ ತನ್ನ ಹಳೆಯ ಕೇರಿಯ ಸಿನಗಾಗ್‌ಗೆ ಹೋಗುತ್ತಾನೆ. ಯಾರೂ ಬೆರಗಾಗುವುದಿಲ್ಲ. ಆ ಕಥೆ ನಡೆಯುವ ಲೋಕಕ್ಕೆ ಕೊಟ್ಟ ಸಂಖ್ಯೆ 828: ಎಂಟನೇ ತಿಂಗಳ 28, ಕರ್ಬಿಯವರ ಹುಟ್ಟಿದ ದಿನ. 1980ರ ದಶಕದಲ್ಲಿ ಇದೇ ಮನುಷ್ಯ ತಾನು ಬರೆದ ಮೂಲ ಹಾಳೆಗಳನ್ನು ವಾಪಸ್ ಕೇಳಿದಾಗ ಕಂಪನಿ ಇಷ್ಟು ಧಾರಾಳಿಯಾಗಿರಲಿಲ್ಲ. ಉಳಿದ ಕಲಾವಿದರಿಗೆ ಒಂದು ಪುಟದ ಒಪ್ಪಿಗೆ ಪತ್ರ ಕಳಿಸಿ, ಅವರಿಗೆ ಮಾತ್ರ ನಾಲ್ಕು ಪುಟದ್ದನ್ನು ಕಳಿಸಿತ್ತು.